ಮೊದಲು ಮನೆ, ಆಮೇಲೆ ಮದ್ದು

ಮಾನ್ಯರೇ,

ಬೀದಿಗೆ ಬಿದ್ದ ಮಾಜಿ ಸೈನಿಕರ ಮಾತು ಬಂದಾಗಲೆಲ್ಲ ‘ಮೊದಲು ಕುಡಿತ ಬಿಡಿಸಿ, ಮಿಕ್ಕಿದ್ದು ಆಮೇಲೆ’ ಎನ್ನುವವರೇ ಹೆಚ್ಚು. ಅಮೆರಿಕದಲ್ಲೂ ಬಹಳ ಕಾಲ ಇದೇ ಪದ್ಧತಿ ಇತ್ತು. ಅದು ಬದಲಾಗಿ, ಕುಡಿತ ಬಿಡುವ ಮೊದಲೇ ಮನೆ ಕೊಡಲು ಶುರು ಮಾಡಿದ ಮೇಲೆ ಏನಾಯಿತು ನೋಡಿ. 2010ರಲ್ಲಿ ಒಂದು ರಾತ್ರಿಯ ಎಣಿಕೆಗೆ ಅಲ್ಲಿ ಸುಮಾರು 74 ಸಾವಿರ ಮಾಜಿ ಸೈನಿಕರು ಮನೆಯಿಲ್ಲದೆ ಸಿಕ್ಕಿದ್ದರು, 2024ರಲ್ಲಿ 32,882 ಮಂದಿ. ಆದರೆ ಆ ದೇಶದ ಒಟ್ಟು ವಸತಿಹೀನರ ಸಂಖ್ಯೆ 2024ರಲ್ಲೇ 7.7 ಲಕ್ಷ ದಾಟಿ ದಾಖಲೆ ಬರೆಯಿತು. ಅಂದರೆ ಕಾಲ ಸುಧಾರಿಸಿತು, ಹಾಗಾಗಿ ಇವರೂ ಸುಧಾರಿಸಿದರು ಎನ್ನುವಂತಿಲ್ಲ.

ಅಲ್ಲಿನ ಮುಖ್ಯ ಯೋಜನೆಯಲ್ಲಿ ಎರಡು ಇಲಾಖೆಗಳು ಕೈಜೋಡಿಸುತ್ತವೆ. ವಸತಿ ಇಲಾಖೆ ಬಾಡಿಗೆ ವೋಚರ್ ಕೊಟ್ಟರೆ, ಮಾಜಿ ಸೈನಿಕರ ಇಲಾಖೆ ಬೆನ್ನಿಗಿದ್ದು ನೋಡಿಕೊಳ್ಳುವ ಒಬ್ಬ ಕೇಸ್ ಮ್ಯಾನೇಜರ್‌ನನ್ನು ಕೊಡುತ್ತದೆ. ಬಾಡಿಗೆದಾರ ತನ್ನ ಆದಾಯದಲ್ಲಿ ಸುಮಾರು ಶೇ 30ರಷ್ಟು ಕಟ್ಟಬೇಕು, ಉಳಿದದ್ದು ಸರ್ಕಾರದ್ದು. ಕುಡಿತ ಬಿಟ್ಟಿರಬೇಕೆಂಬ ಷರತ್ತಿಲ್ಲ.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ವೋಚರ್ ಬಂದ ಮೇಲೆ ಮನೆ ಹುಡುಕಲು ಕನಿಷ್ಠ 120 ದಿನ ಸಿಗುತ್ತದೆ. ಅಷ್ಟರಲ್ಲಿ ಗುರುತಿನ ಚೀಟಿ ಹೊಂದಿಸಬೇಕು, ಮಾಲೀಕರನ್ನು ಒಪ್ಪಿಸಬೇಕು, ಮನೆಯ ತಪಾಸಣೆ ಮುಗಿಯಬೇಕು, ಅಡ್ವಾನ್ಸ್ ಕಟ್ಟಬೇಕು. ಹಲವರು ಎಡವುವುದು ಅಡ್ವಾನ್ಸ್ ಹಣಕ್ಕೇ. ಅದಕ್ಕೆಂದು ಬೇರೆ ನಿಧಿ ಇರಬೇಕಾಗುತ್ತದೆ. ಮನೆ ಸಿಕ್ಕ ಮೇಲಿನ ಮೊದಲ ಕೆಲವು ತಿಂಗಳೂ ಅಷ್ಟೇ ನಾಜೂಕು. ಒಂಟಿತನ ತಾಳಲಾರದೆ ಬೀದಿಯ ಹಳೆಯ ಜೊತೆಗಾರರನ್ನು ಒಳಗೆ ಸೇರಿಸಿಕೊಳ್ಳುತ್ತಾರೆ, ಗಲಾಟೆಯಾಗುತ್ತದೆ, ಮಾಲೀಕ ಕರಾರು ಮುರಿಯುತ್ತಾನೆ. ಆರಂಭದಲ್ಲಿ ವಾರಕ್ಕೊಮ್ಮೆಯಾದರೂ ಕೇಸ್ ಮ್ಯಾನೇಜರ್ ಮನೆಗೇ ಹೋಗಿ ಬರಬೇಕು ಎನ್ನುವುದು ಇದಕ್ಕೇ. ಬರೀ ವೋಚರ್ ಕೊಟ್ಟು ಕೈತೊಳೆದುಕೊಂಡರೆ ದುಡ್ಡು ದಂಡ.

ಮನೆ ಮೊದಲು ಎಂಬುದಕ್ಕೆ ಆಧಾರವೂ ಗಟ್ಟಿಯಾಗಿದೆ. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ, ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ವಸತಿಹೀನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನೋಡಿದರು. ಅಧ್ಯಯನದ ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಇದ್ದವರು ಮನೆ ಮೊದಲು ಪಡೆದ ಗುಂಪಿನಲ್ಲಿ ಶೇ 62, ಮಾಮೂಲಿ ಸೇವೆ ಪಡೆದ ಗುಂಪಿನಲ್ಲಿ ಶೇ 31. ಇದು ಸೈನಿಕರ ಮೇಲಷ್ಟೇ ನಡೆದ ಅಧ್ಯಯನವಲ್ಲ. ಜೊತೆಗೆ, ಕಾಯಿಲೆಯ ಲಕ್ಷಣದಲ್ಲಾಗಲಿ ಚಟದಲ್ಲಾಗಲಿ ಎರಡೂ ಗುಂಪಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯೇ ಮದ್ದಲ್ಲ, ಆದರೆ ವಿಳಾಸವಿಲ್ಲದವನು ಯುದ್ಧದ ಆಘಾತಕ್ಕೆ ಕೊಡುವ ಸುಮಾರು 12 ಸಿಟ್ಟಿಂಗ್‌ಗಳ ಮಾತಿನ ಚಿಕಿತ್ಸೆಯನ್ನು ಪೂರೈಸುವುದು ಕಷ್ಟ.

ಕುಡಿತದ ವಿಷಯದಲ್ಲಿ ನಮ್ಮ ಆಶ್ರಯ ಕೇಂದ್ರಗಳೂ ತಿಳಿದಿರಬೇಕಾದ ಮಾತೊಂದಿದೆ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಒಳಗೆ ಕೂರಿಸಿ ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾದರೆ ಅದು ಜೀವಕ್ಕೇ ಅಪಾಯ. ಇದನ್ನು ‘ಹಟ’ ಎಂದು ಕೋಣೆಯಲ್ಲಿ ಕೂಡಿಹಾಕದೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಗ್ಲೂಕೋಸ್ ಡ್ರಿಪ್ ಹಾಕುವಾಗ ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಮರೆಯಬಾರದೆಂದು ವೈದ್ಯರಿಗೆ ಗೊತ್ತು. ಈತ ಕುಡಿಯುತ್ತಿದ್ದವನೆಂಬ ಸಂಗತಿಯನ್ನು ಕರೆತಂದವರು ಹೇಳದಿದ್ದರೆ ಮಾತ್ರ ಅದು ತಪ್ಪಿಹೋಗುತ್ತದೆ.

ಅಮೆರಿಕದ ಹಣ ನಮ್ಮಲ್ಲಿಲ್ಲ, ನಿಜ. ಆದರೆ ಅಲ್ಲಿನ ಒಂದು ಅಭ್ಯಾಸಕ್ಕೆ ಖರ್ಚೇ ಇಲ್ಲ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬಂದವರಿಗೆಲ್ಲ ಇರಲು ಮನೆ ಇದೆಯೇ, ಕೈತಪ್ಪುವ ಭಯವಿದೆಯೇ ಎಂದು ಕೇಳುತ್ತಾರೆ. ನಮ್ಮ ನಗರಗಳ ರಾತ್ರಿ ತಂಗುದಾಣಗಳು ಇದನ್ನೇ ತಿರುವಿ ಕೇಳಲಿ: ‘ಮಿಲಿಟರಿಯಲ್ಲಿ ಇದ್ದಿರಾ?’ ದಾಖಲಾತಿ ಪುಸ್ತಕದಲ್ಲಿ ಇದಕ್ಕೊಂದು ಕಾಲಂ ಸಾಕು. ಹೌದೆಂದರೆ ಸರ್ವೀಸ್ ನಂಬರ್ ಮತ್ತು ರೆಜಿಮೆಂಟ್ ಹೆಸರು ಬರೆದುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಫೋನ್ ಮಾಡಬೇಕು. ಡಿಸ್ಚಾರ್ಜ್ ಬುಕ್ ಕಳೆದಿದ್ದರೂ ಆ ನಂಬರ್ ಹಿಡಿದು ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಹುಡುಕಿಸಬಹುದು. ಪೂರ್ಣ ಪಿಂಚಣಿಗೆ ಬೇಕಾದ 15 ವರ್ಷ ತುಂಬದೆ ಸೇನೆ ಬಿಟ್ಟು ಬಂದವರು ಇಲ್ಲೇ ಜಾರಿಹೋಗುವುದು. ಹವಾಲ್ದಾರ್ ಮತ್ತು ಕೆಳಗಿನ ದರ್ಜೆಯ, 65 ದಾಟಿದ, ಪಿಂಚಣಿಯಿಲ್ಲದ ಬಡ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮಾಸಿಕ ನೆರವಿದೆ. ಅರ್ಜಿ ಆ ಜಿಲ್ಲಾ ಕಚೇರಿಯ ಮೂಲಕವೇ ಹೋಗಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕೇ ಬೇಕು. ಪಾಸ್‌ಬುಕ್ಕಿಗೆ ವಿಳಾಸ ಬೇಕು. ವಿಳಾಸದ ದಾಖಲೆಗೆ ತಂಗುದಾಣಗಳೇ ಪತ್ರ ಕೊಡುವಂತೆ ನಗರಾಭಿವೃದ್ಧಿ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

— ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಧಾರವಾಡ