ಹದ್ದಿಗೂ ಗಿಣಿಗೂ ಒಂದೇ ಮರ: ಪನಾಮಾದ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಿಮ್ಮ ದೇಶದ ದಾರಿಯೆನ್ ಕಾಡಿನ ಎರಡು ಹಕ್ಕಿಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಒಂದು ಹಾರ್ಪಿ ಹದ್ದು. 2002ರಲ್ಲಿ ಪನಾಮಾ ಅದನ್ನು ರಾಷ್ಟ್ರಪಕ್ಷಿ ಮಾಡಿಕೊಂಡಿತು. ದೇಶದ ಲಾಂಛನದ ಮೇಲೂ ಅದೇ ಕೂತಿದೆ. ಇನ್ನೊಂದು ದೊಡ್ಡ ಹಸಿರು ಮಕಾವ್ ಗಿಣಿ. ಅದಕ್ಕೆ ಅಂಥ ಭಾಗ್ಯ ಸಿಗಲಿಲ್ಲ.

ಮೇಲ್ನೋಟಕ್ಕೆ ಎರಡಕ್ಕೂ ಹೋಲಿಕೆಯೇ ಇಲ್ಲ. ಹೆಣ್ಣು ಹದ್ದು 6ರಿಂದ 9 ಕಿಲೋ ತೂಗುತ್ತದೆ. ಮರದಲ್ಲಿರುವ ಸ್ಲಾತ್ ಎಂಬ ನಿಧಾನ ನಡೆಯ ಪ್ರಾಣಿಯನ್ನೋ ಕೋತಿಯನ್ನೋ ಕಾಲುಗುರಿನಲ್ಲಿ ಎತ್ತಿಕೊಂಡೇ ಹೋಗುತ್ತದೆ. ಅಷ್ಟು ದೊಡ್ಡ ಮೈಗೆ ರೆಕ್ಕೆ ಮಾತ್ರ ಗಿಡ್ಡ. ಕೊಂಬೆಗಳ ನಡುವೆ ನುಸುಳಬೇಕಲ್ಲ, ಅದಕ್ಕೆ. ಗಿಣಿಯ ತೂಕ ಸುಮಾರು 1.3 ಕಿಲೋ. ಅದರ ಬಲವೆಲ್ಲ ಕೊಕ್ಕಿನಲ್ಲಿದೆ. ಅಲ್ಮೆಂಡ್ರೊ ಎಂಬ ಮರದ ಕಲ್ಲಿನಂಥ ಕಾಯಿಯನ್ನೂ ಒಡೆದು ಬೀಜ ತಿನ್ನುತ್ತದೆ. ಹದ್ದು ಸದ್ದಿಲ್ಲದೆ ಕಾಯುತ್ತದೆ, ಗಿಣಿಗಳ ಕೂಗು ದೂರದಿಂದಲೇ ಕೇಳುತ್ತದೆ.

ಆದರೆ ಗೂಡಿನ ವಿಷಯಕ್ಕೆ ಬನ್ನಿ. ದಾರಿಯೆನ್‌ನಲ್ಲಿ ಹದ್ದು ಕ್ವಿಪೋ ಎಂಬ ಭಾರಿ ಮರದ ಕವಲಿನಲ್ಲಿ ಕಡ್ಡಿಗಳ ಅಟ್ಟಣಿಗೆ ಕಟ್ಟುತ್ತದೆ. ಗಿಣಿಯೂ ಅದೇ ಜಾತಿಯ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಅಂಥ ಕವಲಾಗಲಿ ಪೊಟರೆಯಾಗಲಿ ಎಳೆ ಮರದಲ್ಲಿ ಸಿಗುವುದಿಲ್ಲ. ಇವತ್ತು ಸಸಿ ನೆಟ್ಟರೆ ಈಗಿನ ಹಕ್ಕಿಗಳಿಗೆ ಅದರಿಂದ ಏನೂ ಆಗದು.

ಎರಡೂ ಮರಿ ಮಾಡುವುದರಲ್ಲಿ ಬಹಳ ನಿಧಾನ. ಹದ್ದು ಎರಡು ಮೊಟ್ಟೆ ಇಟ್ಟರೂ ಒಂದೇ ಮರಿ ಸಾಕುತ್ತದೆ. ಆ ಮರಿ ಹಾರಲು ಕಲಿತ ಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮ ತರುವ ಊಟಕ್ಕೇ ಕಾಯುತ್ತದೆ. ಹಾಗಾಗಿ ಒಂದು ಜೋಡಿಯ ಮುಂದಿನ ಮರಿ ಬರುವುದು ಎರಡು ಮೂರು ವರ್ಷ ಬಿಟ್ಟು. ಗಿಣಿಯ ಮರಿಯೂ ಗೂಡು ಬಿಟ್ಟ ಮೇಲೆ ತುಂಬಾ ದಿನ ತಂದೆ ತಾಯಿಯ ಜೊತೆಯೇ ಇರುತ್ತದೆ. ಹದ್ದನ್ನು ಗುಂಡಿಟ್ಟು ಕೊಲ್ಲುವವರಿದ್ದಾರೆ, ಗಿಣಿಮರಿಯನ್ನು ಸಾಕಲೆಂದು ಕದಿಯುವವರಿದ್ದಾರೆ. ಹಾಗೆ ಹೋದ ಒಂದೊಂದು ಹಕ್ಕಿಯ ಜಾಗ ತುಂಬಲು ವರ್ಷಗಳೇ ಬೇಕು.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್, ಯಾವ ಜೀವಿಗೆ ಎಷ್ಟು ಅಪಾಯವಿದೆ ಎಂದು ಹೇಳುವ ಕೆಂಪು ಪಟ್ಟಿ ಮಾಡುತ್ತದೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹದ್ದು ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಸಾಲಿನಲ್ಲಿದೆ. ಹಸಿರು ಮಕಾವ್ ಇನ್ನೂ ಎರಡು ಮೆಟ್ಟಿಲು ಮುಂದೆ ಹೋಗಿ, ಅಳಿವಿನ ಅಂಚಿನಲ್ಲಿ ನಿಂತಿದೆ. ಗೌರವ ಹದ್ದಿಗೆ ಸಿಕ್ಕಿತು, ಅಪಾಯ ಗಿಣಿಗೇ ಜಾಸ್ತಿ. ಹದ್ದಿನ ಗೌರವ ಕಡಿಮೆ ಮಾಡಿ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆ ಗೌರವ ಅದು ಕೂರುವ ಮರಕ್ಕೂ ಸಿಗಲಿ. ಆಗ ಗಿಣಿಯೂ ಉಳಿಯುತ್ತದೆ, ಅಲ್ವಾ?

ದಾರಿಯೆನ್ ರಾಷ್ಟ್ರೀಯ ಉದ್ಯಾನ 1981ರಿಂದ ವಿಶ್ವ ಪರಂಪರೆಯ ತಾಣ. ನನ್ನ ಚಿಂತೆ ಅದರ ಗಡಿಯಾಚೆಯ ಹುಲ್ಲುಗಾವಲುಗಳದು. ದನ ಮೇಯಿಸಲು ಕಾಡು ಸವರಿದ ಕಡೆ ಒಂಟಿಯಾಗಿ ಉಳಿದಿರುವ ದೊಡ್ಡ ಕ್ವಿಪೋ, ಅಲ್ಮೆಂಡ್ರೊ ಮರಗಳನ್ನು ಎಣಿಸಿ ಗುರುತು ಹಾಕಿಸಿ. ಅವನ್ನು ಉಳಿಸಿಕೊಂಡ ರೈತನಿಗೆ ವರ್ಷಕ್ಕಿಷ್ಟು ಅಂತ ಹಣ ಕೊಡಿ. ಸುಮ್ನೆ ದಂಡದ ಹೆದರಿಕೆ ಹಾಕಿದರೆ ಆತ ರಾತ್ರೋರಾತ್ರಿ ಮರ ಉರುಳಿಸಿಯಾನು.

ಇನ್ನು, ದೊಡ್ಡ ಮರ ಕಡಿಯಲು ಪರವಾನಗಿ ಕೇಳಿ ಯಾರೇ ಬಂದರೂ, ಸಹಿ ಹಾಕುವ ಮುನ್ನ ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರು ಆ ಮರದ ಹತ್ತಿರ ಹೋಗಿ ಕವಲನ್ನೂ ಪೊಟರೆಯನ್ನೂ ಕಣ್ಣಾರೆ ನೋಡಿ ಬರಲಿ.

ಇಂತಿ ನಮಸ್ಕಾರಗಳೊಂದಿಗೆ,
ಹಕ್ಕಿಗಳನ್ನು ಪ್ರೀತಿಸುವ ಒಬ್ಬರು