ಪಾಕವಿಧಾನದ ಜೊತೆ ಕಾರಣವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯ ಅಡುಗೆ ಅಂಕಣವನ್ನು ಸಂಸಾರಸ್ಥರಷ್ಟೇ ಓದುವುದಿಲ್ಲ. ಉಡುಪಿ, ಬೆಳಗಾವಿ, ಕಲಬುರಗಿ ಕಡೆಯಿಂದ ಓದಿಗೋ ನೌಕರಿಗೋ ಬಂದು, ಪುಣೆಯ ವಾಕಡ್‌ನಲ್ಲೋ ನವಿ ಮುಂಬಯಿಯ ಐರೋಲಿಯಲ್ಲೋ ನಾಲ್ಕು ಜನ ಸೇರಿ ರೂಮು ಹಿಡಿದು ಮೊದಲ ಸಲ ಒಲೆ ಹಚ್ಚುವ ಹುಡುಗ ಹುಡುಗಿಯರೂ ಓದುತ್ತಾರೆ. ಅವರಿಗೆ ಸಾಮಾನಿನ ಪಟ್ಟಿ ಮಾತ್ರ ಸಾಲದು. ಯಾವುದನ್ನು ಯಾವಾಗ ಹಾಕಬೇಕು, ಯಾಕೆ, ಮಾಡಿದ್ದನ್ನು ಎಷ್ಟು ಹೊತ್ತು ಇಡಬಹುದು ಎಂದು ಪ್ರತಿ ಪಾಕದ ಕೆಳಗೆ ಎರಡು ಸಾಲು ಸೇರಿಸಿ ಎಂಬುದು ನಮ್ಮ ಕೋರಿಕೆ.

‘ರಾತ್ರಿ ಉಳಿದ ಅನ್ನದ ಚಿತ್ರಾನ್ನ’ವನ್ನೇ ತೆಗೆದುಕೊಳ್ಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅನ್ನ ಬೆಂದರೂ ಅವೆಲ್ಲ ಸಾಯುವುದಿಲ್ಲ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಕುಕ್ಕರಿನಲ್ಲೇ ಬಿಟ್ಟ ಅನ್ನ ರಾತ್ರಿಯಿಡೀ ಬೆಚ್ಚಗಿರುತ್ತದೆ. ಆಗ ಬೀಜಾಣು ಮೊಳೆತು ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ, ಮತ್ತೆ ಕುಕ್ಕರಿಗಿಟ್ಟರೂ ಹೋಗುವುದಿಲ್ಲ. ವಾಸನೆ, ರುಚಿಯಲ್ಲಿ ಏನೂ ಗೊತ್ತಾಗದೆಯೂ ಇರಬಹುದು. ತಿಂದ ಅರ್ಧ ತಾಸಿನಿಂದ ಆರು ತಾಸಿನೊಳಗೆ ವಾಂತಿ ಶುರುವಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಒಂದು ಅಂಗುಲಕ್ಕಿಂತ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಆರಿಸಿ, ಒಂದು ತಾಸಿನೊಳಗೆ ಮುಚ್ಚಿ ಫ್ರಿಜ್ಜಿಗಿಡಬೇಕು. ಬಿಸಿ ಪಾತ್ರೆಯನ್ನು ಹಾಗೇ ತಳ್ಳಿದರೆ ನಡುವಿನ ಅನ್ನ ತಣಿಯಲು ತಾಸುಗಟ್ಟಲೆ ಬೇಕು. ಮರುದಿನ ಹಬೆ ಏಳುವಂತೆ ಒಮ್ಮೆ ಮಾತ್ರ ಬಿಸಿ ಮಾಡಿ ಮುಗಿಸಬೇಕು.

ರಾಜ್ಮಾದಲ್ಲಿ ಇನ್ನೊಂದು ಅಪಾಯವಿದೆ. ಹಸಿ ಕಾಳಿನ ಲೆಕ್ಟಿನ್ ಎಂಬ ಪ್ರೋಟೀನ್ ಹೊಟ್ಟೆ ಕೆಡಿಸುತ್ತದೆ. ಎಂಟು ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು, ಕುಕ್ಕರಿನಲ್ಲಾದರೆ ಚಿಂತೆಯಿಲ್ಲ. ಹಾಸ್ಟೆಲಿನವರು ಕೆಟಲ್ಲಿನ ಬಿಸಿನೀರಿನಲ್ಲಿ ನೆನೆಸಿಟ್ಟು ತಿನ್ನುವುದನ್ನು ದಯವಿಟ್ಟು ಬಿಡಬೇಕು.

ಸಾರಿನ ಬೇಳೆ ಬೇಯಲಿಲ್ಲ ಎಂಬ ದೂರು ಎಲ್ಲ ರೂಮಿನಲ್ಲೂ ಇದೆ. ಹುಣಸೆಹುಳಿ, ಟೊಮೆಟೊಗಳನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿದರೆ ಹುಳಿಯಿಂದಾಗಿ ಕಾಳಿನ ಕಣಗಳನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್ ಕರಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಟ್ಯಾಂಕರು, ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನೇ ಮಾಡುತ್ತದೆ. ಬೇಳೆಗೆ ನೀರು, ಚಿಟಿಕೆ ಅರಿಸಿನ, ಅರ್ಧ ಚಮಚ ಎಣ್ಣೆ ಸಾಕು. ಎಣ್ಣೆಯಿಂದ ನೊರೆ ತಗ್ಗುತ್ತದೆ. ನೊರೆ ಉಕ್ಕಿದರೆ ವೆಯ್ಟಿನ ತೂತು ಕಟ್ಟಿಕೊಳ್ಳಬಹುದು, ಆದ್ದರಿಂದ ಬೇಳೆಗೆ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ಬೇಳೆ ನುಣ್ಣಗಾದ ಮೇಲೆ ಹುಳಿ ಸೇರಿಸಿ. ಬೇಗ ಬೇಯಲೆಂದು ಅಡುಗೆ ಸೋಡ ಹಾಕುವುದು ನಮಗೆ ಸರಿ ಕಾಣುವುದಿಲ್ಲ: ಬೇಳೆಯಲ್ಲಿರುವ ಬಿ1 ವಿಟಮಿನ್ ಅದರಿಂದ ಹಾಳಾಗುತ್ತದೆ. ಒಂದು ತಾಸು ನೆನೆಸಿ, ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ನೀರು ಬಳಸಿದರೆ ಸೋಡ ಬೇಕಾಗುವುದಿಲ್ಲ.

ಪೌಷ್ಟಿಕತೆಗೆ ದುಬಾರಿ ಪುಡಿಗಳ ಡಬ್ಬಿ ಬೇಕಿಲ್ಲ. ಪ್ರೋಟೀನ್ ಆಗುವುದು ಅಮೈನೋ ಆಮ್ಲಗಳೆಂಬ ತುಣುಕುಗಳಿಂದ. ಅವುಗಳಲ್ಲಿ ಲೈಸಿನ್ ಎಂಬುದು ಅಕ್ಕಿ, ಗೋಧಿಯಲ್ಲಿ ಕಡಿಮೆ, ಮೆಥಿಯೋನಿನ್ ಎಂಬುದು ಬೇಳೆಕಾಳುಗಳಲ್ಲಿ ಕಡಿಮೆ. ಎರಡನ್ನೂ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪುಣೆಯ ಬೆಳಗಿನ ಕಾಂದಾ ಪೋಹೆಗೆ, ಅಂದರೆ ಈರುಳ್ಳಿ ಅವಲಕ್ಕಿಗೆ, ಒಂದು ಹಿಡಿ ಮೊಳಕೆ ಬರಿಸಿದ ಮಡಿಕೆಕಾಳನ್ನು ಹಬೆಯಲ್ಲಿ ಬೇಯಿಸಿ ಸೇರಿಸಿದರೆ ಅದು ಪೂರ್ತಿ ತಿಂಡಿಯಾಗುತ್ತದೆ. ಲಿಂಬೆಯನ್ನು ಒಲೆ ಆರಿಸಿದ ಮೇಲೆಯೇ ಹಿಂಡಬೇಕು. ಸಿ ವಿಟಮಿನ್ ಬಿಸಿಗೆ ನಾಶವಾಗುತ್ತದೆ, ಉಳಿದರೆ ಅವಲಕ್ಕಿ, ಕಾಳುಗಳ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಪೋಹೆಯ ಜೊತೆಗೇ ಚಹಾ ಕುಡಿದರೆ ಅದರ ಟ್ಯಾನಿನ್ ಎಂಬ ಒಗರು ಅಂಶ ಅದೇ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ. ಚಹಾ ಒಂದು ತಾಸು ಬಿಟ್ಟು ಕುಡಿಯಲಿ.

– ಗೃಹವಿಜ್ಞಾನ ಕಲಿಸುವ ಇಬ್ಬರು ಓದುಗರು, ಡೊಂಬಿವಲಿ