ಚಾಲಿ ಅಡಿಕೆಯಷ್ಟು ಭೂಮಿ

ಶಿರಸಿ

ಪ್ರೀತಿಯ ಕೂಸೇ,

ಲಕೋಟೆಯಲ್ಲಿ ಒಂದು ಮೆಣಸಿನಕಾಳು, ಒಂದು ಸಣ್ಣ ಚಾಲಿ ಅಡಿಕೆ ಇದೆ. ಕಾಳಿನ ಅಡ್ಡಳತೆ 5 ಮಿ.ಮೀ., ಅಡಿಕೆಯದು 18 ಮಿ.ಮೀ.; ಎರಡೂ ಅಳೆದು ಆರಿಸಿದ್ದೇ. ಕಾಳನ್ನು ಹಿಡಿಕಡ್ಡಿಯ ತುದಿಗೆ ಅಂಟಿಸು. ಕಡ್ಡಿಗೆ 55 ಸೆಂ.ಮೀ. ದಾರ ಕಟ್ಟಿ, ಇನ್ನೊಂದು ತುದಿಯನ್ನು ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿ. ದಾರ ಬಿಗಿಯಾಗಿರಲಿ, ಒಂದು ಕಣ್ಣು ಮುಚ್ಚಿರಲಿ. ಎರಡೂ ತೆರೆದರೆ ಕಾಳು ಎರಡಾಗಿ ಕಾಣುತ್ತದೆ. ಹುಣ್ಣಿಮೆ ಚಂದ್ರ ಆ ಕಾಳಿನ ಹಿಂದೆ ಅಡಗುತ್ತಾನೆ. ಅವನು ಭೂಮಿಗೆ ಹತ್ತಿರ ಬಂದ ತಿಂಗಳು ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಉಳಿದೀತು.

ನೀನಿರುವ ಕಾರವಾರದ ಕಡಲತಡಿಯಲ್ಲಿ ಒಂದು ತೊಡಕಿದೆ. ಸಂಜೆ ಹುಣ್ಣಿಮೆ ಚಂದ್ರ ಹುಟ್ಟುವುದು ಗುಡ್ಡದ ಕಡೆ, ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಕು. ನೀರಿನ ಮೇಲೆಯೇ ನೋಡಬೇಕೆಂದರೆ ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಏಳು. ಗುಡ್ಡದ ಅಂಚಿಗಿದ್ದಾಗ ದೊಡ್ಡದಾಗಿ ಕಾಣುವುದು ಕಣ್ಣಿನ ಮೋಸ. ಆಗಲೂ ಅದೇ ಕಾಳು ಸಾಕು.

ಈಗ ಅಡಿಕೆ. ಅದೇ ದಾರದ ಅಳತೆಗೆ ಹಿಡಿ. ಚಂದ್ರನಲ್ಲಿಂದ ಭೂಮಿ ಕಾಣುವುದು ಇಷ್ಟೇ. 1968ರ ಡಿಸೆಂಬರ್ 24ರಂದು ಚಂದ್ರನನ್ನು ಸುತ್ತುತ್ತಿದ್ದ ಅಪೊಲೊ 8 ನೌಕೆಯಲ್ಲಿದ್ದ ಬೋರ್ಮನ್, ಲೊವೆಲ್, ಆಂಡರ್ಸ್ ಕಂಡದ್ದೂ ಇಷ್ಟನ್ನೇ. ಅವರು ಹೋದದ್ದು ಚಂದ್ರನ ನೆಲ ನೋಡಲು. ನಾಲ್ಕನೇ ಸುತ್ತಿನಲ್ಲಿ ಕಿಟಕಿಯಲ್ಲಿ ಭೂಮಿ ಮೂಡಿದಾಗ ಆಂಡರ್ಸ್ ಕೈಯಲ್ಲಿದ್ದ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಫಿಲಂ. ಮೊದಲ ಚಿತ್ರ ಅದರಲ್ಲೇ ಆಯಿತು, ಆಮೇಲೆ ಬಣ್ಣದ ಫಿಲಮ್ಮಿಗೆ ಗಡಿಬಿಡಿ. 250 ಮಿ.ಮೀ. ಲೆನ್ಸ್, ಎಫ್/11ರ ಕಿರಿದಾದ ಕಿಂಡಿ, ಫಿಲಮ್ಮಿಗೆ ಬೆಳಕು ಬಿಟ್ಟದ್ದು ಸೆಕೆಂಡಿನ 250ನೇ ಒಂದು ಭಾಗ. ಚಂದ್ರನ ನೆಲ ಹಳೆ ಡಾಂಬರಿನಷ್ಟು ಮಂಕು, ಮೋಡ ಹೊದ್ದ ಭೂಮಿ ಪ್ರಖರ. ನೆಲಕ್ಕೆ ಹೊಂದಿಸಿ ಬೆಳಕು ಹೆಚ್ಚು ಬಿಟ್ಟಿದ್ದರೆ ನೀಲಿ ಬೆಳ್ಳಗಾಗಿ ಹೋಗುತ್ತಿತ್ತು. ಅಂದಹಾಗೆ, ಭೂಮಿ ಮೂಡಿದ್ದು ನೌಕೆ ಸುತ್ತುತ್ತಿದ್ದುದರಿಂದ. ಚಂದ್ರನ ಮೇಲೆ ನಿಂತವರಿಗೆ ಅದು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ; ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ.

ಆ ಚಿತ್ರ ಜನರ ತಲೆಗೆ ಹೊಗಿಸಿದ್ದು ಅಳತೆಯನ್ನು. ಭಾರತದ ಉತ್ತರ-ದಕ್ಷಿಣ ಉದ್ದ 3,214 ಕಿ.ಮೀ.; ಈ ಅಡಿಕೆಯ ಮೇಲೆ ಅದು ನಾಲ್ಕೂವರೆ ಮಿ.ಮೀ., ಮೆಣಸಿನಕಾಳಿಗಿಂತ ತುಸು ಕಡಿಮೆ. ನಮ್ಮ ಮಳೆಗಾಲವೆಲ್ಲ ನಡೆಯುವ ಕೆಳಗಿನ 15 ಕಿ.ಮೀ. ಗಾಳಿ 0.02 ಮಿ.ಮೀ. ಈ ಪತ್ರದ ಹಾಳೆಯೇ ಅದರ ಐದು ಪಟ್ಟು ದಪ್ಪ.

1970ರ ಏಪ್ರಿಲ್ 22ರ ಮೊದಲ ಭೂದಿನಕ್ಕೆ ಈ ಚಿತ್ರವೇ ಕಾರಣ ಎನ್ನುವವರಿದ್ದಾರೆ. ನಾನು ಅಷ್ಟು ಹೇಳಲಾರೆ. 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ತೀರಕ್ಕೆ ಕಡಲ ತೈಲಬಾವಿಯಿಂದ ಸೋರಿ ಬಂದು ಬಡಿದ ಎಣ್ಣೆಯೂ ಜನರನ್ನು ಎಬ್ಬಿಸಿತ್ತು. ಮೇಲಿಂದ ಗಡಿ ಕಾಣುವುದಿಲ್ಲ ಎನ್ನುವ ಮಾತೂ ಪೂರ್ತಿ ನಿಜವಲ್ಲ. ಭಾರತ-ಪಾಕಿಸ್ತಾನ ಗಡಿಬೇಲಿಯ ದೀಪದ ಸಾಲು 400 ಕಿ.ಮೀ. ಎತ್ತರದ ಅಂತರಿಕ್ಷ ನಿಲ್ದಾಣದಿಂದ ರಾತ್ರಿ ಕಿತ್ತಳೆ ಗೆರೆಯಾಗಿ ಕಾಣುತ್ತದೆ. ಭೂಮಿ ಅಡಿಕೆಯಾಗುವಷ್ಟು ದೂರ ಹೋದರೆ ಆ ಗೆರೆ ಇರುವುದಿಲ್ಲ, ಅಷ್ಟೇ.

ಕಾಳು ಕಳೆದರೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಇನ್ನೊಂದು ಸಿಕ್ಕೀತು. ಅಡಿಕೆ ಮಾತ್ರ ಯಾರ ಕವಳಕ್ಕೂ ಕೊಡಬೇಡ.

ಆಯಿ